641 ಎಲ್ಲಿಂದ ಬಂತು?

ಅಧ್ಯಕ್ಷರೇ, ಗೆಳೆಯರೇ, ಬೋರ್ಡಿನ ಮೇಲಿರುವುದು 4294967297. ಒಮ್ಮೆ ಬಾಯಿಬಿಟ್ಟು ಓದಿಬಿಡೋಣ: 429 ಕೋಟಿ 49 ಲಕ್ಷ 67 ಸಾವಿರದ 297. 2ರ 32ನೇ ಘಾತಕ್ಕೆ ಒಂದು ಕೂಡಿದರೆ ಸಿಗುವ ಸಂಖ್ಯೆ. ಇದು 641 × 6700417 ಎಂದು ನಿಮಗೆಲ್ಲ ಗೊತ್ತು. ನನ್ನ ತಕರಾರು ಒಂದೇ: ಆ 641 ಆಕಾಶದಿಂದ ಉದುರಿತೇ?

2ರ 1, 2, 4, 8, 16ನೇ ಘಾತಗಳಿಗೆ ಒಂದೊಂದು ಕೂಡಿ: 3, 5, 17, 257, 65537. ಐದೂ ಅವಿಭಾಜ್ಯ. ಸಾಲು ಕೊನೆತನಕ ಹೀಗೇ ಎಂದು 1640ರಲ್ಲಿ ಗಣಿತಜ್ಞ ಫರ್ಮಾ ನಂಬಿದ; ಸಾಧಿಸಿ ತೋರಿಸಲಿಲ್ಲ. 1729ರಲ್ಲಿ ಗೋಲ್ಡ್‌ಬಾಕ್ ಎಂಬ ಗಣಿತಜ್ಞ ಪತ್ರ ಬರೆದು, ಇನ್ನೊಬ್ಬ ಗಣಿತಜ್ಞ ಆಯ್ಲರನನ್ನು ಕೆಣಕಿದ. 1732ರಲ್ಲಿ ಆಯ್ಲರ್ ಆರನೆಯದನ್ನು, ಅಂದರೆ ಬೋರ್ಡಿನ ಮೇಲಿನ ಸಂಖ್ಯೆಯನ್ನು, ಒಡೆದ. ಆದರೆ ಆ ಪುಣ್ಯಾತ್ಮನೂ ಮೊದಲ ಲೇಖನದಲ್ಲಿ ಉತ್ತರವಷ್ಟೇ ಕೊಟ್ಟ, ದಾರಿ ಹೇಳಿದ್ದು ವರ್ಷಗಳಾದ ಮೇಲೆ!

ಕಣ್ಣುಮುಚ್ಚಿ 2, 3, 5 ಎಂದು ಅವಿಭಾಜ್ಯಗಳಿಂದ ಸಾಲಾಗಿ ಭಾಗಿಸುತ್ತ ಹೋದರೆ 641 ಬರುವುದು 116ನೇ ಸರದಿಗೆ. ಅದರ ಬದಲು ಭಾಜಕದ ರೂಪ ಮೊದಲು ಕೇಳಿ. p ಎಂಬ ಅವಿಭಾಜ್ಯ ಇದನ್ನು ಭಾಗಿಸಿದರೆ, p ಇಂದ ಭಾಗಿಸಿದಾಗ 2ರ 32ನೇ ಘಾತದ ಶೇಷ −1, 64ನೇ ಘಾತದ್ದು 1. ಅದಕ್ಕಿಂತ ಮುಂಚೆ 1 ಬರುವಂತಿಲ್ಲ. 2ರ p−1ನೇ ಘಾತದ ಶೇಷವೂ 1; ಹಾಗಾಗಿ p−1 ಎಂಬುದು 64ರ ಗುಣಕ. ಈಗ ಈ ರೂಪದ ಅವಿಭಾಜ್ಯಗಳು 193, 257, 449, 577, 641: ಐದನೇ ಯತ್ನಕ್ಕೆ ಸಿಕ್ಕಿತು. ತಮಾಷೆ ಏನೆಂದರೆ, ಇದಕ್ಕೆ ಬೇಕಾದ ಆ p−1ರ ಪ್ರಮೇಯ ಫರ್ಮಾನದೇ!

ಇನ್ನೂ ಜಿಪುಣತನ ಮಾಡಬಹುದು. p ಅನ್ನು 8ರಿಂದ ಭಾಗಿಸಿದರೆ ಶೇಷ 1. ಅಂಥಲ್ಲಿ 2 ಒಂದು ವರ್ಗದ ಶೇಷವಾಗಿರುತ್ತದೆ, ಅಂದರೆ ಯಾವುದೋ ಸಂಖ್ಯೆಯ ವರ್ಗವನ್ನು p ಇಂದ ಭಾಗಿಸಿದಾಗ 2 ಉಳಿಯುತ್ತದೆ. ಅದರಿಂದ 64ರ ಜಾಗಕ್ಕೆ 128 ಬರುತ್ತದೆ ಎಂದು ಗಣಿತಜ್ಞ ಲ್ಯೂಕಾ ತೋರಿಸಿದ. ಉಳಿದದ್ದು 257, 641. ಇನ್ನು 3×5×17×257×65537 = 4294967295, ನಮ್ಮ ಸಂಖ್ಯೆಗಿಂತ ಎರಡೇ ಕಡಿಮೆ. 257 ಎರಡನ್ನೂ ಭಾಗಿಸಿದರೆ 2ನ್ನೂ ಭಾಗಿಸಬೇಕು. ಅದನ್ನೂ ಹೊಡೆದುಹಾಕಿ. ಮೊದಲ ಭಾಗಾಕಾರವೇ 641!

6700417 ಅವಿಭಾಜ್ಯವೇ? ಅದರ ವರ್ಗಮೂಲ 2589ರೊಳಗೆ. ಅದೇ ರೂಪದಲ್ಲಿ 641, 769, 1153, 1409 ಪರೀಕ್ಷಿಸಿ, ಸಾಕು: ಯಾವುದೂ ಭಾಗಿಸದು, ಅವಿಭಾಜ್ಯವೇ.

ಕಂಪ್ಯೂಟರಿನವರಿಗೆ ಒಂದು ಮಾತು. ಚಿಹ್ನೆಯಿಲ್ಲದ 32 ಬಿಟ್ಟಿನಲ್ಲಿ ಇದನ್ನಿಟ್ಟರೆ ಉಳಿಯುವುದು 1. ‘ಅವಿಭಾಜ್ಯವಲ್ಲ’ ಎಂದು ಪ್ರೋಗ್ರಾಂ ಹೇಳುತ್ತದೆ. ಉತ್ತರ ಸರಿ, ಲೆಕ್ಕ ಸುಳ್ಳು. 64 ಬಿಟ್ಟಿನಲ್ಲೂ ಘಾತ ಲೆಕ್ಕಹಾಕುವಾಗ ಶೇಷ 2ರ 32ನೇ ಘಾತವಾದಾಗ ಅದರ ವರ್ಗ ಉಕ್ಕಿ ಸೊನ್ನೆಯಾಗುತ್ತದೆ. ಫರ್ಮಾ ಪರೀಕ್ಷೆಗೆ (ಆಧಾರಸಂಖ್ಯೆಯೊಂದರ n−1ನೇ ಘಾತವನ್ನು n ಇಂದ ಭಾಗಿಸಿ 1 ಉಳಿಯುತ್ತದೆಯೇ ಎಂದು ನೋಡುವುದು) 2ನ್ನು ಆಧಾರವಾಗಿ ಹಿಡಿದರೆ ಆ ಹೊಂಡಕ್ಕೇ ಬೀಳುತ್ತೀರಿ. ಉಕ್ಕದಂತೆ ನೋಡಿಕೊಂಡರೂ 2 ಇಲ್ಲಿ ಸುಳ್ಳುಸಾಕ್ಷಿ, ಯಾವಾಗಲೂ ‘ಪಾಸ್’ ಅನ್ನುತ್ತದೆ. 3ನ್ನು ಹಿಡಿಯಿರಿ, ಈ ಸಾಲಿನ ಸಂಖ್ಯೆ ಅವಿಭಾಜ್ಯವೇ ಎಂದು ತೀರ್ಮಾನಿಸುವ 1877ರ ಪೆಪಾಂ ಪರೀಕ್ಷೆಗೂ 3 ಸಾಕು.

ಸಮಯವಿಲ್ಲ, ಚೀಟಿ ಬಂದಿದೆ. ಮುಂದಿನ ಸಂಖ್ಯೆ, 2ರ 64ನೇ ಘಾತಕ್ಕೆ ಒಂದು ಸೇರಿಸಿದ್ದು, 1880ರಲ್ಲಿ ಒಡೆಯಿತು: ಒಂದು ಭಾಜಕ 274177. ಇಲ್ಲಿ 128ರ ಜಾಗಕ್ಕೆ 256; ಅದರಿಂದ ಒಂದು ಕಳೆದು 256ರಿಂದ ಭಾಗಿಸಿ ನೋಡಿ, 1071 ಬರುತ್ತದೆ.