ಮುಚ್ಚಳ ಹಿಂದಕ್ಕೆ ಬಾಗಿದ ಹೂಜಿ

ಎಲ್ಲರಿಗೂ ನಮಸ್ಕಾರ.

ಹೂಜಿಗಿಡ ಎಂದ ಕೂಡಲೇ ಹುಳ ತಿನ್ನುವ ಗಿಡ ಎಂದು ನೆನಪಾಗುತ್ತದೆ, ಅಲ್ವಾ? ಎಲೆಯ ತುದಿಯಿಂದ ಒಂದು ಕುಡಿ ಇಳಿಯುತ್ತದೆ. ಅದರ ಕೊನೆ ಉಬ್ಬಿ ಹೂಜಿಯಾಗುತ್ತದೆ. ಮೇಲೆ ಮುಚ್ಚಳ, ಒಳಗೆ ನೀರು, ನೀರಿನಲ್ಲಿ ಸತ್ತ ಇರುವೆ. ಇವತ್ತು ನಾನು ಹೇಳಲಿರುವ ಗಿಡ ಈ ಪಾಠಕ್ಕೆ ಪೂರ್ತಿ ಒಗ್ಗುವುದಿಲ್ಲ. ಅದು ಹುಳದ ಜೊತೆಗೆ ಮರದಿಂದ ಉದುರಿದ ಎಲೆಯನ್ನೂ ಉಣ್ಣುತ್ತದೆ. ಅದರ ಹೆಸರು ನೆಪೆಂತಿಸ್ ಆಂಪುಲೇರಿಯ.

ಇದು ಅಪರೂಪದ ಗಿಡವೇನಲ್ಲ. ಥಾಯ್ಲೆಂಡ್‌ನ ದಕ್ಷಿಣ ತುದಿ, ಮಲೇಷ್ಯಾ, ಸಿಂಗಪುರ, ಸುಮಾತ್ರಾ, ಬೋರ್ನಿಯೊ, ಅಲ್ಲಿಂದ ಪೂರ್ವಕ್ಕೆ ನ್ಯೂಗಿನಿಯವರೆಗೂ ತಗ್ಗು ಪ್ರದೇಶದ ಕಾಡುಗಳಲ್ಲಿ ಸಿಗುತ್ತದೆ. ಬಳ್ಳಿ ಮರ ಹತ್ತಿ ಸುಮಾರು 15 ಮೀಟರ್‌ವರೆಗೂ ಹೋಗಬಲ್ಲದು. ಆದರೆ ನೋಡಬೇಕಾದ್ದು ಮೇಲಲ್ಲ, ಕಾಲಡಿಯಲ್ಲಿ. ನೆರಳಿನ ನೆಲದ ಮೇಲೆ ಗಿಡ್ಡ ಗಿಡ್ಡ ಗುಂಡನೆಯ ಹೂಜಿಗಳು ಒಂದಕ್ಕೊಂದು ಒತ್ತಿಕೊಂಡು ಗುಂಪಾಗಿ ಕೂತಿರುತ್ತವೆ. ಕೆಲವು ಹಸಿರು, ಕೆಲವು ಕೆಂಪು, ಕೆಲವಕ್ಕೆ ಕೆಂಪು ಚುಕ್ಕೆ. ಎಲ್ಲವೂ ಬಾಯಿ ತೆರೆದು ಆಕಾಶ ನೋಡುತ್ತಿರುತ್ತವೆ. ಮಲಯ್ ಭಾಷೆಯಲ್ಲಿ ಹೂಜಿಗಿಡಕ್ಕೆ 'ಪೆರಿಯುಕ್ ಕೆರ' ಎನ್ನುತ್ತಾರೆ. ಅಂದರೆ ಕೋತಿಯ ಮಡಕೆ. ಈ ಗಿಡವನ್ನು ನೋಡಿದರೆ ಮಡಕೆ ಎಂಬ ಮಾತು ಎಷ್ಟು ಸರಿ ಅನಿಸುತ್ತದೆ.

ಈಗ ಮುಚ್ಚಳಕ್ಕೆ ಬರೋಣ. ನನ್ನ ಮಾತೆಲ್ಲ ಇರುವುದು ಅದರ ಸುತ್ತಲೇ. ಬೇರೆ ಹೂಜಿಗಳಲ್ಲಿ ಮುಚ್ಚಳ ಕೊಡೆಯ ಹಾಗೆ ಬಾಯಿಯ ಮೇಲೆ ನಿಂತು ಮಳೆನೀರನ್ನು ತಡೆಯುತ್ತದೆ. ಅದರ ಕೆಳಗೆ ಸಿಹಿರಸ ಒಸರುತ್ತದೆ, ಹುಳ ಅದಕ್ಕೆ ಬರುತ್ತದೆ. ಆಂಪುಲೇರಿಯದ ಮುಚ್ಚಳ ಸಣ್ಣದು, ಕಿರಿದು, ಪೂರ್ತಿ ಹಿಂದಕ್ಕೆ ಬಾಗಿರುತ್ತದೆ. ಅದರಲ್ಲಿ ಸಿಹಿರಸ ಇಲ್ಲವೆನ್ನುವಷ್ಟು ಕಡಿಮೆ. ಹುಳ ಜಾರಿ ಬೀಳಲು ಬೇರೆ ಹೂಜಿಗಳ ಒಳಗೋಡೆಗೆ ಮೇಣದ ಪಟ್ಟಿ ಇರುತ್ತದೆ. ಇಲ್ಲಿ ಅದೂ ಇಲ್ಲ. ಹುಳ ಹಿಡಿಯಲು ಇದೆಲ್ಲ ಕೊರತೆಯೇ. ಆದರೆ ಮೇಲಿನಿಂದ ಎಲೆ, ಹೂವು, ತೊಗಟೆಯ ಚೂರು ಬೀಳುತ್ತಲೇ ಇದ್ದರೆ? ಆಗ ತೆರೆದ ಬಾಯಿಯೇ ಅನುಕೂಲ.

ಇದು ಬರೀ ಊಹೆಯಲ್ಲ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ಸಾರಜನಕದ ಜಾಡು ಹಿಡಿದು ಇದನ್ನು ತೋರಿಸಿತು. ಸಾರಜನಕದಲ್ಲಿ ಸ್ವಲ್ಪ ಭಾರದ ಒಂದು ಬಗೆ ಇದೆ. ಗಿಡದಿಂದ ಹುಳಕ್ಕೆ, ಆ ಹುಳದಿಂದ ಅದನ್ನು ತಿನ್ನುವ ಪ್ರಾಣಿಗೆ ಹೋಗುತ್ತಾ ಅದರ ಪಾಲು ಹೆಚ್ಚುತ್ತದೆ. ಹಾಗಾಗಿ ಒಂದು ಗಿಡದ ಎಲೆಯನ್ನು ಅಳೆದರೆ ಅದರ ಊಟ ಹುಳದಿಂದ ಬಂತೋ ಎಲೆಯಿಂದ ಬಂತೋ ಎಂದು ತಿಳಿಯಬಹುದು. ಮರದ ಕೆಳಗೆ ಬೆಳೆದ ಆಂಪುಲೇರಿಯ ತನ್ನ ಎಲೆಯ ಸಾರಜನಕದಲ್ಲಿ ಸುಮಾರು ಶೇ 35ನ್ನು ಉದುರಿದ ಎಲೆಗಳಿಂದ ಪಡೆದಿತ್ತು. ಮೂರನೆಯ ಒಂದು ಪಾಲಿಗಿಂತ ಜಾಸ್ತಿ!

ಎಲೆ ಸುಮ್ನೆ ಕರಗುವುದಿಲ್ಲ. ಹೂಜಿಯೊಳಗೆ ಸೊಳ್ಳೆಮರಿಗಳಿವೆ, ಬ್ಯಾಕ್ಟೀರಿಯಗಳಿವೆ. ಅವು ಕಡಿದು, ಕೊಳೆಸಿ, ಗಿಡಕ್ಕೆ ಒಗ್ಗುವ ರೂಪಕ್ಕೆ ತರುತ್ತವೆ. ಬೋರ್ನಿಯೊದಲ್ಲಿ ಒಂದು ಪುಟ್ಟ ಕಪ್ಪೆ ಈ ಹೂಜಿಯ ನೀರಿನಲ್ಲೇ ಮೊಟ್ಟೆಯಿಡುತ್ತದೆ. ಗೊದಮೊಟ್ಟೆಗಳು ಅಲ್ಲೇ ಬೆಳೆಯುತ್ತವೆ. ಬೆಳೆದ ಗಂಡು ಕಪ್ಪೆಯ ಉದ್ದ ಒಂದು ಸೆಂಟಿಮೀಟರ್‌ಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಬೇಟೆಯ ಬಲೆ ಎಂದುಕೊಂಡಿದ್ದ ಜಾಗ ಒಂದು ಸಂಸಾರದ ಮನೆ ಕೂಡ ಆಗಿದೆ. ಈ ಗಿಡ ನನಗೆ ಇಷ್ಟವಾಗಲು ಇದೊಂದೇ ಸಾಕು.

ಇನ್ನು ಮಿಶ್ರತಳಿಗಳ ವಿಷಯ. ನೆಪೆಂತಿಸ್‌ನಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಒಂದೇ ಗಿಡ ತನ್ನ ಪರಾಗದಿಂದ ತಾನೇ ಬೀಜ ಕಟ್ಟಲಾರದು. ಪರಾಗ ಹೊರಗಿನಿಂದಲೇ ಬರಬೇಕು, ತರುವುದು ನೊಣ, ಪತಂಗದಂಥ ಕೀಟಗಳು. ಪಕ್ಕದಲ್ಲಿ ಇನ್ನೊಂದು ಜಾತಿಯ ಗಂಡು ಗಿಡ ಅದೇ ಹೊತ್ತಿಗೆ ಹೂಬಿಟ್ಟಿದ್ದರೆ ಬೆರಕೆ ಆಗಿಯೇ ಆಗುತ್ತದೆ. ಹುಟ್ಟಿದ ಗಿಡ ಬಂಜೆಯೂ ಅಲ್ಲ. ಅದೂ ಬೀಜ ಕಟ್ಟುತ್ತದೆ. ಬೀಜ ನೂಲಿನಷ್ಟು ತೆಳ್ಳಗೆ, ಗಾಳಿಯಲ್ಲಿ ತೇಲಿಹೋಗುತ್ತದೆ.

ಸಿಂಗಪುರ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ಇರುವುದು ಮೂರೇ ಜಾತಿ. ಆಂಪುಲೇರಿಯ, ರಾಫ್ಲೆಸಿಯಾನ, ಗ್ರಾಸಿಲಿಸ್. ಮೂರೂ ಒಂದರೊಡನೊಂದು ಬೆರೆತಿವೆ. ಆಂಪುಲೇರಿಯ ಮತ್ತು ರಾಫ್ಲೆಸಿಯಾನ ಸೇರಿದರೆ ಹುಕೆರಿಯಾನ. ಆಂಪುಲೇರಿಯ ಮತ್ತು ಗ್ರಾಸಿಲಿಸ್ ಸೇರಿದರೆ ಟ್ರೈಕೋಕಾರ್ಪ. ಹಿಂದಿನ ಸಸ್ಯವಿಜ್ಞಾನಿಗಳು ಇವೆರಡನ್ನೂ ಸ್ವಂತ ಜಾತಿಗಳೆಂದೇ ತಿಳಿದು ಹೆಸರಿಟ್ಟಿದ್ದರು. ಅವರ ತಪ್ಪಲ್ಲ ಅದು. ಒಣಗಿಸಿ ಕಾಗದಕ್ಕೆ ಅಂಟಿಸಿದ ಒಂದು ಗಿಡ ತನ್ನ ತಾಯಿ ತಂದೆಯ ಹೆಸರು ಹೇಳುವುದಿಲ್ಲವಲ್ಲ.

ಗ್ರಾಸಿಲಿಸ್‌ನ ಮುಚ್ಚಳದ ಬಗ್ಗೆ ಎರಡು ಮಾತು ಹೇಳಲೇಬೇಕು. ಅದು ಬಾಯಿಯ ಮೇಲೆ ಅಡ್ಡಲಾಗಿ ನಿಂತಿರುತ್ತದೆ. ಅದರ ತಳದಲ್ಲಿ ಮೇಣದ ಸಣ್ಣ ಹರಳುಗಳಿವೆ. ಒಣ ಹವೆಯಲ್ಲಿ ಇರುವೆ ಅಲ್ಲಿ ತಲೆಕೆಳಗಾಗಿ ಆರಾಮವಾಗಿ ನಡೆದು ಸಿಹಿ ನೆಕ್ಕುತ್ತದೆ. ಮಳೆಹನಿ ಮುಚ್ಚಳಕ್ಕೆ ಬಡಿದಾಗ ಅದು ಥಟ್ಟನೆ ಅದುರಿ ಇರುವೆಯನ್ನು ಕೆಳಗಿನ ನೀರಿಗೆ ಉದುರಿಸುತ್ತದೆ. ಒಂದು ಗಿಡಕ್ಕೆ ಮುಚ್ಚಳವೇ ಬೇಟೆಯ ಸಾಧನ, ಇನ್ನೊಂದು ಗಿಡ ಮುಚ್ಚಳವನ್ನೇ ಪಕ್ಕಕ್ಕೆ ಸರಿಸಿದೆ. ಇವೆರಡಕ್ಕೂ ಮಗು ಹುಟ್ಟಿದರೆ ಮುಚ್ಚಳ ಎಲ್ಲಿ ನಿಲ್ಲಬೇಕು? ನಡುವೆಯೇ ಎಲ್ಲೋ. ಹುಕೆರಿಯಾನದಲ್ಲೂ ಹಾಗೆಯೇ. ಅದರ ಹೂಜಿ ಮೊಟ್ಟೆಯಾಕಾರ, ಮೈತುಂಬ ಕೆಂಪು ಚುಕ್ಕೆ. ಮುಚ್ಚಳ ಆಂಪುಲೇರಿಯದ್ದಕ್ಕಿಂತ ಅಗಲ, ಪೂರ್ತಿ ಹಿಂದಕ್ಕೂ ಹೋಗದೆ ನಿಲ್ಲುತ್ತದೆ.

ಇಷ್ಟು ಸುಲಭವಾಗಿ ಬೆರೆಯುವಾಗ ಮೂಲ ಜಾತಿಗಳು ಕರಗಿಹೋಗಿಲ್ಲವೇಕೆ? ನನಗೆ ತೋಚುವ ಉತ್ತರ ಹೂಜಿಯ ಭಾಗಗಳಲ್ಲೇ ಇದೆ. ತೆರೆದ ಬಾಯಿ, ಗಿಡ್ಡ ಆಕಾರ, ಮೇಣವಿಲ್ಲದ ಗೋಡೆ, ನೆರಳಿನ ಜಾಗ, ಇವು ಒಟ್ಟಿಗಿದ್ದರೆ ಎಲೆಯೂಟ ನಡೆಯುತ್ತದೆ. ಸಿಹಿರಸ, ಮೇಣ, ಮೇಲೆ ನಿಂತ ಮುಚ್ಚಳ, ಬಿಸಿಲಿನ ಬಯಲು ಒಟ್ಟಿಗಿದ್ದರೆ ಬೇಟೆ ನಡೆಯುತ್ತದೆ. ಅದರಿಂದ ಅರ್ಧ, ಇದರಿಂದ ಅರ್ಧ ಬಂದ ಗಿಡಕ್ಕೆ ಕಾಡಿನ ಅಂಚೇ ತಕ್ಕ ಜಾಗ ಇರಬೇಕು. ಕಾಡು ಕಡಿದು ಅಂಚುಗಳನ್ನು ನಾವು ಹೆಚ್ಚಿಸಿದಷ್ಟೂ ಅದಕ್ಕೆ ಜಾಗ ಹೆಚ್ಚು, ಆದರೆ ಎಲೆ ಉದುರಿಸುವ ಮರಗಳು ಆಂಪುಲೇರಿಯಕ್ಕೆ ಉಳಿಯುವುದಿಲ್ಲ. ಇದು ನನ್ನನ್ನು ನಿಜಕ್ಕೂ ಕಾಡುತ್ತದೆ.

ಈಗ ಚಿತ್ರಗಳನ್ನು ನೋಡೋಣ. ಮೊದಲ ಚಿತ್ರದಲ್ಲಿ ಮೂರು ಹೂಜಿಗಳಿವೆ. ಬಣ್ಣ ನೋಡಬೇಡಿ, ಅದು ಮೋಸ ಮಾಡುತ್ತದೆ. ಮುಚ್ಚಳ ಎಷ್ಟು ಬಾಗಿದೆ ಅಂತ ನೋಡಿ, ಮಗು ಯಾವುದು ಹೇಳಿ.