ಗ್ರೈಮ್‌ಥಾರ್ಪ್ ಗಣಿಯ ವಾದ್ಯವೃಂದ

ಶ್ರೋತೃಗಳಿಗೆ ನಮಸ್ಕಾರ. ಬ್ರಾಸ್ ಬ್ಯಾಂಡ್ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ಮದುವೆಯ ದಿಬ್ಬಣ ನೆನಪಾಗುತ್ತದೆ. ಇಂದು ನಾನು ಹೇಳಹೊರಟಿರುವುದು ಉತ್ತರ ಇಂಗ್ಲೆಂಡಿನ ಯಾರ್ಕ್‌ಶೈರ್ ಸೀಮೆಯಲ್ಲಿ, ಬಾರ್ನ್‌ಸ್ಲಿ ಪಟ್ಟಣದ ಬಳಿಯಿರುವ ಗ್ರೈಮ್‌ಥಾರ್ಪ್ ಎಂಬ ಕಲ್ಲಿದ್ದಲ ಗಣಿಯೂರಿನ ವಾದ್ಯವೃಂದದ ಕಥೆಯನ್ನು.

ಆ ನಾಡಿನಲ್ಲಿ ಇಂಥ ವೃಂದಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಗಿರಣಿಗಳ, ಗಣಿಗಳ ಜೊತೆಜೊತೆಗೇ ಬೆಳೆದವು. 1853ರಲ್ಲಿ ಮ್ಯಾಂಚೆಸ್ಟರಿನ ಬೆಲ್ ವ್ಯೂ ಉದ್ಯಾನದಲ್ಲಿ ಅವುಗಳ ನಡುವೆ ದೊಡ್ಡ ಸ್ಪರ್ಧೆಯೊಂದು ಆರಂಭವಾದ ಮೇಲಂತೂ ಊರೂರಿಗೂ ತನ್ನದೇ ಬ್ಯಾಂಡ್ ಬೇಕೆನಿಸಿತು. ಇದಕ್ಕೆ ವಾದ್ಯದ ರಚನೆಯೂ ಒದಗಿಬಂತು. ತುತ್ತೂರಿಯಂಥ ಪುಟ್ಟ ಹಿತ್ತಾಳೆ ವಾದ್ಯವಾದ ಕಾರ್ನೆಟ್ಟಿಗೆ ಇರುವುದು ಮೂರೇ ಗುಂಡಿಗಳು; ಉಳಿದುದನ್ನೆಲ್ಲ ತುಟಿಯ ಬಿಗಿಯಿಂದ, ಉಸಿರಿನ ಒತ್ತಡದಿಂದ ಸಾಧಿಸಬೇಕು. ಪಿಟೀಲು ಬೇಡುವ ನಯವಾದ ಬೆರಳತುದಿಯನ್ನು ಇದು ಬೇಡುವುದಿಲ್ಲವಾದ್ದರಿಂದ, ದಿನವಿಡೀ ನೆಲದಡಿಯಲ್ಲಿ ಸಲಿಕೆ ಹಿಡಿದು ಜಡ್ಡುಗಟ್ಟಿದ ಕೈಗೂ ಒಲಿಯಿತು. ಊದುತ್ತಿದ್ದಂತೆ ಕೊಳವೆಯೊಳಗೆ ಉಸಿರಿನ ತೇವ ಹನಿಗಟ್ಟಿ ಸ್ವರ ಗೊರಗುಟ್ಟತೊಡಗುತ್ತದೆ. ವಾದಕ ಕೆಳಗಿನ ಪುಟ್ಟ ಕೀಲನ್ನು ಒತ್ತಿ ನೀರನ್ನು ಚೆಲ್ಲಿ, ಮತ್ತೆ ತುಟಿಗಿಡುತ್ತಾನೆ.

ಇನ್ನೊಂದು ಅನುಕೂಲವೂ ಇತ್ತು. ಕಾರ್ನೆಟ್ಟಿನಿಂದ ಟ್ಯೂಬಾದವರೆಗೆ ಗುಂಡಿಗಳುಳ್ಳ ಎಲ್ಲ ವಾದ್ಯಗಳಿಗೂ ಸ್ವರಲಿಪಿ ಒಂದೇ ಬಗೆಯದು, ಬೆರಳಿಡುವ ಕ್ರಮವೂ ಒಂದೇ. ಪುಟ್ಟ ಕಾರ್ನೆಟ್ ಕಲಿತ ಹುಡುಗ ಮುಂದೆ ಮಡಿಲು ತುಂಬುವ ಟ್ಯೂಬಾ ಹಿಡಿದರೂ ಓದುಬರಹವನ್ನು ಮೊದಲಿನಿಂದ ಕಲಿಯಬೇಕಾಗಿಲ್ಲ; ಒಬ್ಬರ ಜಾಗ ತೆರವಾದರೆ ಇನ್ನೊಬ್ಬರು ಅಲ್ಲಿಗೆ ಸರಿಯಬಹುದು. ಸಣ್ಣ ಊರೊಂದು ತಲೆಮಾರುಗಳ ಕಾಲ ವೃಂದವನ್ನು ಸಾಕಿಕೊಳ್ಳಲು ಸಾಧ್ಯವಾದದ್ದು ಮುಖ್ಯವಾಗಿ ಈ ಏರ್ಪಾಡಿನಿಂದಲೇ ಎಂಬುದು ನನ್ನ ನಂಬಿಕೆ.

ಗ್ರೈಮ್‌ಥಾರ್ಪಿನ ವೃಂದ ಹುಟ್ಟಿದ್ದು 1917ರಲ್ಲಿ, ಗಣಿ ಕೆಲಸಗಾರರ ಬಿಡುವಿನ ವೇಳೆಯ ಹವ್ಯಾಸವಾಗಿ. 1970ರ ದಶಕದಲ್ಲಿ ಎಲ್ಗರ್ ಹೊವಾರ್ತ್ ಅದರ ಸಂಗೀತ ನಿರ್ದೇಶಕರಾದರು. ಆಧುನಿಕ ಸಂಗೀತದ ಕಠಿಣ ಮಾರ್ಗದಲ್ಲಿ ನಡೆದ ಹ್ಯಾರಿಸನ್ ಬರ್ಟ್‌ವಿಸಲ್ ಅವರು 1973ರಲ್ಲಿ ಈ ವೃಂದಕ್ಕೆಂದೇ ಕೃತಿ ರಚಿಸಿದರೆಂದರೆ, ಗಣಿಯೂರಿನವರನ್ನು ಅವರು ಎಂಥ ಕಲಾವಿದರೆಂದು ಬಗೆದಿದ್ದರೆಂಬುದು ತಿಳಿಯುತ್ತದೆ.

1992ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಸರ್ಕಾರ 31 ಕಲ್ಲಿದ್ದಲ ಗಣಿಗಳನ್ನು ಮುಚ್ಚುವುದಾಗಿ ಪ್ರಕಟಿಸಿತು. ಗ್ರೈಮ್‌ಥಾರ್ಪ್ ಗಣಿಯೂ ಅವುಗಳಲ್ಲಿ ಸೇರಿತ್ತು. ಊರಿಗೆ ಊರೇ ಅನ್ನದ ದಾರಿ ಕಾಣದೆ ಕಂಗೆಟ್ಟಿದ್ದ ಆ ಹೊತ್ತಿನಲ್ಲಿ, ಪ್ರಕಟಣೆಯಾದ ಕೆಲವೇ ದಿನಗಳಿಗೆ, ವೃಂದ ಲಂಡನ್ನಿನ ರಾಯಲ್ ಆಲ್ಬರ್ಟ್ ಸಭಾಂಗಣದಲ್ಲಿ ರಾಷ್ಟ್ರೀಯ ಸ್ಪರ್ಧೆಯ ವೇದಿಕೆಯೇರಿತು. ಮೊದಲ ಬಹುಮಾನ ಅದಕ್ಕೇ ಬಂತು. ಆ ಗೆಲುವು ಗಣಿಯನ್ನು ಉಳಿಸಲಿಲ್ಲ. ಮರುವರ್ಷ, 1993ರಲ್ಲಿ, ಅದು ಮುಚ್ಚಿತು. ಈ ಊರಿನ ಪಾಡಿನಿಂದ ಪ್ರೇರಣೆ ಪಡೆದು 1996ರಲ್ಲಿ ಬಂದ ಚಲನಚಿತ್ರಕ್ಕೆ ಬ್ಯಾಂಡಿನ ಸಂಗೀತವನ್ನು ಇವರೇ ನುಡಿಸಿದರು.

2015ರ ಡಿಸೆಂಬರಿನಲ್ಲಿ ಬ್ರಿಟನ್ನಿನ ಕಟ್ಟಕಡೆಯ ಆಳದ ಕಲ್ಲಿದ್ದಲ ಗಣಿ, ಅದೇ ಯಾರ್ಕ್‌ಶೈರಿನ ಕೆಲಿಂಗ್ಲಿಯೂ ಮುಚ್ಚಿತು. ವೃಂದ ಮಾತ್ರ ಇಂದಿಗೂ ನುಡಿಸುತ್ತಿದೆ, ಗ್ರೈಮ್‌ಥಾರ್ಪ್ ಕಾಲಿಯರಿ ಬ್ಯಾಂಡ್ ಎಂಬ ಹೆಸರಿನಲ್ಲೇ. ಕಾಲಿಯರಿ ಎಂದರೆ ಕಲ್ಲಿದ್ದಲ ಗಣಿ.

ನಮಸ್ಕಾರ.