ಮೆಲುಕು

ಕೇಳುಗರಿಗೆ ನಮಸ್ಕಾರ. ಇವತ್ತು ಒಂದೇ ಒಂದು ಪದ ಹಿಡಿದು ಮಾತಾಡುತ್ತೇನೆ. ಮೆಲುಕು. ಕೆಲವು ಕಡೆ ಮೆಲಕು ಅಂತಲೂ ಅನ್ನುತ್ತಾರೆ.

ಇದರ ಬೇರು ‘ಮೆಲ್ಲು’. ‘ಊಟ ಆದ ಮೇಲೆ ಎಲೆಯಡಿಕೆ ಮೆಲ್ಲುತ್ತಾ ಜಗಲಿಯಲ್ಲಿ ಕೂತರು’ ಅನ್ನುತ್ತೇವಲ್ಲ, ಅದೇ ಮೆಲ್ಲು. ಕಬ್ಬನ್ನು ಅಗಿಯುತ್ತೇವೆ, ಅದಕ್ಕೆ ಹಲ್ಲು ಗಟ್ಟಿ ಇರಬೇಕು. ಮೆಲ್ಲುವುದಕ್ಕೆ ಬೇಕಾದದ್ದು ಪುರುಸೊತ್ತು. ‘ತಾಂಬೂಲ ಮೆದ್ದರು’ ಅನ್ನುವ ರೂಪ ಈಗ ಕಿವಿಗೆ ಬೀಳುವುದೇ ಅಪರೂಪ. ಎಷ್ಟು ಚೆಂದದ ಮಾತು ಅದು!

ಹಸು ಮೆಲುಕು ಹಾಕುವುದನ್ನು ಹತ್ತಿರ ಕೂತು ನೋಡಿದ್ದೀರಾ? ಅದರ ಮೇಲ್ದವಡೆಯ ಮುಂದುಗಡೆ ಹಲ್ಲೇ ಇಲ್ಲ. ನಾಲಿಗೆಯಿಂದ ಹುಲ್ಲು ಸುತ್ತಿ ಕಿತ್ತು, ಅರೆಬರೆ ಅಗಿದು ನುಂಗಿಬಿಡುತ್ತದೆ. ಕೊಟ್ಟಿಗೆಯಲ್ಲಿ ಮಲಗಿದ ಮೇಲೆ ನೋಡಿ, ಕತ್ತಿನೊಳಗಿಂದ ಒಂದು ಉಂಡೆ ಸರ್ರನೆ ಬಾಯಿಗೆ ಏರುತ್ತದೆ. ದವಡೆ ಅಡ್ಡಡ್ಡ ಆಡುತ್ತದೆ, ಸುಮಾರು 50 ಸಲ. ಮತ್ತೆ ನುಂಗುತ್ತದೆ. ಅರೆಗಳಿಗೆ ಸುಮ್ಮನಿದ್ದು ಇನ್ನೊಂದು ಉಂಡೆ. ಹೀಗೆ ದಿನಕ್ಕೆ 6ರಿಂದ 8 ಗಂಟೆ.

ಈ ಕೊಟ್ಟಿಗೆಯ ಮಾತು ಮನಸ್ಸಿನ ಮಾತೂ ಆದದ್ದು ಕನ್ನಡದಲ್ಲಿ ಮಾತ್ರವಲ್ಲ. ತೆಲುಗಿನವರು ‘ನೆಮರು’ ಹಾಕುತ್ತಾರೆ, ತಮಿಳರು ‘ಅಸೈ’ ಹಾಕುತ್ತಾರೆ, ಮಲಯಾಳಿಗಳು ‘ಅಯವಿರಕ್ಕುಗ’ ಅನ್ನುತ್ತಾರೆ. ಪದ ಬೇರೆ ಬೇರೆ, ಕಣ್ಣೆದುರು ಇದ್ದದ್ದು ಅದೇ ದನ. ಮಲಗಿದ ದನದ ಅರೆಮುಚ್ಚಿದ ಕಣ್ಣು ನೋಡಿದ ಯಾರಿಗಾದರೂ ಅದು ಏನೋ ಯೋಚಿಸುತ್ತಿದೆ ಅನ್ನಿಸದೆ ಇರದು.

ಆದರೆ ನಾವೀಗ ಈ ಪದವನ್ನು ಸವಿನೆನಪಿಗೆ ಕಟ್ಟಿಹಾಕಿದ್ದೇವೆ. ಹಳೆ ವಿದ್ಯಾರ್ಥಿಗಳು ಸೇರಿದರೆ ‘ಶಾಲಾ ದಿನಗಳ ಮೆಲುಕು’ ಅಂತ ಪತ್ರಿಕೆಯಲ್ಲಿ ತಲೆಬರಹ. ತಪ್ಪೇನಲ್ಲ. ಆದರೂ ಹಸು ಹುಲ್ಲನ್ನು ಬಾಯಿಗೆ ತಂದುಕೊಳ್ಳುವುದು ಸಿಹಿಯಾಗಿತ್ತು ಅಂತಲ್ಲ, ಅವಸರದಲ್ಲಿ ನುಂಗಿದ್ದು ಇನ್ನೂ ಅರಗಿಲ್ಲ ಅಂತ. ಅಪ್ಪ ಅಂದು ಆಡಿದ ಒಂದು ಮಾತು, ಅರ್ಥವಾಗದೆ ಉಳಿದ ವಚನದ ಒಂದು ಸಾಲು, ಇವಕ್ಕೂ ಮೆಲುಕು ಸಲ್ಲಬೇಕು ಅನ್ನುವುದು ನನ್ನ ಆಸೆ.

ಹೇಳಿದ್ದನ್ನೇ ಹೇಳುವವರಿಗೆ ‘ಚರ್ವಿತಚರ್ವಣ’ ಅನ್ನುತ್ತೇವೆ. ಅದೂ ಅಗಿದದ್ದನ್ನೇ ಅಗಿಯುವುದು, ಆದರೆ ಅದು ಬೈಗುಳ. ಮೆಲುಕಿಗೆ ಆ ಕಳಂಕ ಅಂಟಿಲ್ಲ. ಮೆಲುಕು ಹಾಕಿದ್ದು ಒಳಗೆ ಹೋಗಿ ರಕ್ತವಾಗುತ್ತದೆ, ಹಾಲಾಗುತ್ತದೆ.

ನಾನು ಚಿಕ್ಕವನಿದ್ದಾಗ ನಮ್ಮ ಮನೆಯ ಹಸುವೊಂದು ಕಾಯಿಲೆ ಬಿದ್ದಿತ್ತು. ‘ಮೇವು ಬಿಟ್ಟಿದ್ದಕ್ಕಲ್ಲ, ಮೆಲುಕು ನಿಲ್ಲಿಸಿದೆಯಲ್ಲ, ಅದಕ್ಕೇ ಭಯ’ ಅಂದರು ಅಜ್ಜಿ. ರಾತ್ರಿಯೆಲ್ಲ ಲಾಟೀನು ಇಟ್ಟುಕೊಂಡು ಗೋದಲಿಯ ಪಕ್ಕ ಕೂತಿದ್ದರು. ಬೆಳಗಿನ ಜಾವ ನಡುಮನೆಯ ಬಾಗಿಲಿಗೆ ಬಂದು ಮೆತ್ತಗೆ ಹೇಳಿದರು: ‘ಮೆಲುಕು ಹಾಕ್ತಾ ಇದೆ. ಇನ್ನು ಮಲಕ್ಕೊಳ್ಳಿ.’

ನಮಸ್ಕಾರ.